ದಿನಾ ಓದುವುದಕ್ಕೆ ಯಾವ ಸತ್ಯವೇದ? ಬಳ್ಳಾರಿಯ ಮನೆಗಳಿಗೊಂದು ವಿಮರ್ಶೆ

ಸತ್ಯವೇದ, ಅಂದರೆ ಬೈಬಲ್, ಇಡಿಯಾಗಿ ಕನ್ನಡದಲ್ಲಿ ಮೊದಲು ಅಚ್ಚಾದದ್ದು ಬಳ್ಳಾರಿಯಲ್ಲೇ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಹಿಡಿದ ಅನುವಾದದ ಕೆಲಸ 1831ರಲ್ಲಿ ಮುಗಿಯಿತು. ಅಂಥ ಊರಿನ ಎಷ್ಟೋ ಮನೆಗಳಲ್ಲಿ ಮದುವೆಗೋ ದೀಕ್ಷಾಸ್ನಾನಕ್ಕೋ ಉಡುಗೊರೆಯಾಗಿ ಬಂದ ಪ್ರತಿ ಇನ್ನೂ ಜಿಪ್ ಕವರಿನೊಳಗೇ ಇದೆ. ಭಕ್ತಿಯ ಕೊರತೆಗಿಂತ ತಪ್ಪು ಪ್ರತಿಯ ಆಯ್ಕೆಯೇ ಇದಕ್ಕೆ ಹೆಚ್ಚು ಕಾರಣ ಎಂಬುದು ನಮ್ಮ ಅಭಿಪ್ರಾಯ.

ಬೈಬಲ್ ಸೊಸೈಟಿ ಆಫ್ ಇಂಡಿಯಾ ಹೊರತರುವ ಕನ್ನಡ ಪ್ರತಿಗಳಲ್ಲಿ ಮೊದಲು ನೋಡಬೇಕಾದದ್ದು ಹೊದಿಕೆಯನ್ನಲ್ಲ, ಒತ್ತಕ್ಷರವನ್ನು. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಓದಬಹುದು. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬೇಕೇ ಬೇಕು. ಕೈಚೀಲಕ್ಕೆ ಹಿಡಿಸುವ ಪುಟ್ಟ ಪ್ರತಿ ತೆಗೆದು ‘ಪವಿತ್ರಾತ್ಮ’, ‘ಕ್ರಿಸ್ತ’ ಎಂಬ ಪದ ಹುಡುಕಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬೇಡ, ಬಾಗಿಲಿನ ನೆರಳಿನಲ್ಲಿ ನಿಂತು ನೋಡಿ. ‘ತ್ಮ’ದ ಒತ್ತು ಕೆಳಗಿನ ಸಾಲಿಗೆ ತಾಗಿದಂತೆ ಕಂಡರೆ ಆ ಪ್ರತಿ ಬಿಡಿ. ಬೆಳಗಿನ ಐದಕ್ಕೆ ಅಡುಗೆಮನೆಯ ಮಂದ ಬೆಳಕಿನಲ್ಲಿ ಅದನ್ನು ಹದಿನೈದು ನಿಮಿಷ ಓದುವುದಾಗದು. ಓದು ನಿಲ್ಲುವುದು ಅಲ್ಲಿಂದಲೇ.

ಇನ್ನು ಭಾಷೆ. ಹಳೆಯ ಅನುವಾದದಲ್ಲಿ ದೇವರ ಹೆಸರು ‘ಯೆಹೋವ’, ಸರಳ ಭಾಷೆಯ ಹೊಸ ಅನುವಾದದಲ್ಲಿ ‘ಸರ್ವೇಶ್ವರ’. ಚರ್ಚಿನ ಸಭೆಯಲ್ಲಿ ಹಳೆಯದನ್ನು ಓದುತ್ತಿದ್ದರೆ ಬಾಯಿಪಾಠಕ್ಕೆ ಅದೇ ಇರಲಿ. ಅದರ ಲಯ ನಾಲಿಗೆಯಲ್ಲಿ ನಿಲ್ಲುತ್ತದೆ. 23ನೇ ಕೀರ್ತನೆಯಲ್ಲಿ ಅದು ಬಳಸುವ ‘ಕುರುಬ’ ಎಂಬ ಪದಕ್ಕೆ ಬಳ್ಳಾರಿ, ಕೊಪ್ಪಳದಲ್ಲಿ ಟಿಪ್ಪಣಿಯೇ ಬೇಡ. ಕಂಬಳಿ ಹೊದ್ದು ಹಟ್ಟಿಯಲ್ಲಿ ರಾತ್ರಿಯೆಲ್ಲ ಕುರಿ ಕಾಯುವವರನ್ನು ಎಲ್ಲರೂ ಕಂಡಿದ್ದಾರೆ. ಹತ್ತು ವರ್ಷದ ಮಗುವಿಗೆ, ಹೊಸದಾಗಿ ನಂಬಿಕೆಗೆ ಬಂದವರಿಗೆ ಮಾತ್ರ ಸರಳ ಅನುವಾದವೇ ಸರಿ. ನಮ್ಮ ಕಡೆ ಇನ್ನೊಂದು ಪರಿಸ್ಥಿತಿ ಇದೆ: ಅಜ್ಜಿಯ ಕೈಯಲ್ಲಿ ತೆಲುಗು ಬೈಬಲ್, ಮೊಮ್ಮಗಳದು ಕನ್ನಡ ಶಾಲೆ. ಅಧ್ಯಾಯ, ವಚನಗಳ ಸಂಖ್ಯೆ ಬಹುಮಟ್ಟಿಗೆ ಒಂದೇ ಆದ್ದರಿಂದ ಕುಟುಂಬ ಪ್ರಾರ್ಥನೆಯಲ್ಲಿ ಒಂದು ವಚನ ತೆಲುಗಿನಲ್ಲಿ, ಮುಂದಿನದು ಕನ್ನಡದಲ್ಲಿ ಓದಬಹುದು. ಇಬ್ಬರೂ ಕಿವಿಗೊಡಲೇಬೇಕಾಗುತ್ತದೆ.

ಬೈಬಲಿನಲ್ಲಿರುವುದು 1189 ಅಧ್ಯಾಯ. ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಲೆಕ್ಕ ಸರಿ, ಆದರೂ ಹೆಚ್ಚಿನವರು ನಡುವೆಯೇ ಕೈಬಿಡುತ್ತಾರೆ. ಮೊದಲ ಎರಡು ಪುಸ್ತಕಗಳಲ್ಲಿ ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40; ಜನವರಿ 1ಕ್ಕೆ ಶುರು ಮಾಡಿದವರು ತಿಂಗಳ ಕೊನೆಗೆ ಆರಾಧನೆಯ ಗುಡಾರದ ಅಳತೆಗಳನ್ನು ದಾಟಿ ಮೂರನೆಯ ಪುಸ್ತಕವಾದ ಯಾಜಕಕಾಂಡದ ಬಲಿಯ ನಿಯಮಗಳಿಗೆ ಬಂದಿರುತ್ತಾರೆ. ಬುಡವಿಲ್ಲದ ಉತ್ಸಾಹ ಅಲ್ಲಿ ಒಣಗುತ್ತದೆ. ಮೊದಲ ವರ್ಷ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಸಾಕು: 260 ಅಧ್ಯಾಯ, ದಿನಕ್ಕೊಂದರಂತೆ ವಾರಕ್ಕೆ 5, ಸರಿಯಾಗಿ 52 ವಾರ. ಉಳಿದ ಎರಡು ದಿನ ತಪ್ಪಿಹೋದದ್ದಕ್ಕೆ. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳಿಂದ ಆರಂಭಿಸಿ. ಪ್ರತಿ ಓದಿನ ಕೊನೆಗೆ ಒಂದೇ ಒಂದು ವಚನ ಚೀಟಿಯಲ್ಲಿ ಬರೆದುಕೊಳ್ಳಿ, ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಮನಸ್ಸಿನಲ್ಲಿ ತಿರುವುತ್ತಿರಿ. ಮೂರು ಅಧ್ಯಾಯ ಓಡಿಸಿ ಏನೂ ಉಳಿಸಿಕೊಳ್ಳದಿರುವುದಕ್ಕಿಂತ ಇದು ಎಷ್ಟೋ ಮೇಲು.

ಫೋನಿನ ಬೈಬಲ್ ಆ್ಯಪ್ ಬೇಡವೆ? ಪದ ಹುಡುಕಲು, ಓದು ಬಾರದ ಹಿರಿಯರಿಗೆ ಧ್ವನಿಯಲ್ಲಿ ಕೇಳಿಸಲು ಅದಕ್ಕೆ ಸಮನಾದದ್ದಿಲ್ಲ. ಬೆಳಗಿನ ಓದಿಗೆ ಮಾತ್ರ ನಾವು ಅದನ್ನು ಸೂಚಿಸುವುದಿಲ್ಲ. ಮೇಲಿಂದ ಒಂದು ವಾಟ್ಸ್ಆ್ಯಪ್ ಸಂದೇಶ ಇಳಿದರೆ ಓದು ಅಲ್ಲಿಗೇ ನಿಂತಿತು. ಮತ್ತಾಯ 13ರ ಬಿತ್ತುವವನ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಪೈರನ್ನು ಅಡಗಿಸುವುದು ಮುಳ್ಳು, ಅಂದರೆ ಪ್ರಪಂಚದ ಚಿಂತೆ ಮತ್ತು ಐಶ್ವರ್ಯದ ಮೋಸ. ಬಳ್ಳಾರಿ ಜಾಲಿ ಕಡಿದ ರೈತರಿಗೆ ಇದು ಗೊತ್ತು: ಮೇಲೆ ಕಡಿದರೆ ಒಂದು ಕೊಂಬೆ ಇದ್ದಲ್ಲಿ ನಾಲ್ಕು ಚಿಗುರುತ್ತವೆ, ಮಣ್ಣು ಅಗೆದು ಬುಡ ಕಿತ್ತರೆ ಮಾತ್ರ ಹೊಲ ಉಳಿಯುತ್ತದೆ. ಫೋನನ್ನು ಸೈಲೆಂಟ್ ಮಾಡುವುದು ಕೊಂಬೆ ಕಡಿದಂತೆ. ಓದು, ಪ್ರಾರ್ಥನೆ ಮುಗಿಯುವವರೆಗೆ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿಬಿಡಿ.

ಪ್ರತಿಯ ಬಾಳಿಕೆಯ ಬಗ್ಗೆ. ನಡುವಿನ ಪುಟ ತೆರೆದು ಮಡಿಕೆಯಲ್ಲಿ ದಾರ ಕಾಣುತ್ತದೆಯೇ ನೋಡಿ. ಹೊಲಿಗೆಯಿಲ್ಲದೆ ಬರೀ ಅಂಟಿನ ಮೇಲೆ ನಿಂತ ಬೈಂಡಿಂಗ್ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಬೈಕಿನ ಬಾಕ್ಸಿನಲ್ಲಿ ಕುಳಿತರೆ ಬೇಗ ಹಾಳಾಗಬಹುದು. ಹೊಸ ಪ್ರತಿಯ ಬೆನ್ನನ್ನು ಮೇಜಿನ ಮೇಲಿಟ್ಟು ಮೊದಲು ಎರಡೂ ರಟ್ಟು ಬಿಡಿಸಿ, ಆಮೇಲೆ ಆ ಕಡೆ ಇಪ್ಪತ್ತು ಹಾಳೆ, ಈ ಕಡೆ ಇಪ್ಪತ್ತು ಹಾಳೆಯಂತೆ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ. ಮೊದಲೇ ನಡುವೆ ಅಗಲಿಸಿದರೆ ಬೆನ್ನು ಒಡೆಯುತ್ತದೆ. ಕಾಗದ ತೆಳು, ಹೈಲೈಟರ್ ಹಿಂದಿನ ಪುಟಕ್ಕೆ ಇಳಿಯುತ್ತದೆ. ಬಣ್ಣದ ಪೆನ್ಸಿಲ್ ಬಳಸಿ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಸೆಕೆಗೆ ಅದರ ಅಂಟು ಹಳದಿಯಾಗಿ ಜಿನುಗಿ ಎರಡು ಪುಟಗಳನ್ನು ಅಂಟಿಸಿಬಿಡುತ್ತದೆ. ತೆಳ್ಳನೆ ಟಿಶ್ಯೂ ಕಾಗದಕ್ಕೆ ಮೈದಾ ಅಂಟು ಸವರಿ ಹಚ್ಚಿ. ಹುಳ ಹಿಡಿಯದಂತೆ ಆ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ, ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.