ಬೀಟಲ್‌ನ ಹೆಡ್ ಸೋರಿದಾಗ: ತಾಮ್ರದ ಉಂಗುರವೋ, ಪೇಸ್ಟೋ, ಮಿಲ್ಲಿಂಗೋ?

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ, ಗಾಳಿಯಿಂದ ತಣಿಯುವ 1600 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರಿಗೂ ಅದರ ಬಾಯಿ ಮುಚ್ಚುವ ಹೆಡ್ಡಿಗೂ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಇಲ್ಲ. ಬೀಡುಕಬ್ಬಿಣದ ಸಿಲಿಂಡರಿನ ಅಂಚು ಅಲ್ಯೂಮಿನಿಯಂ ಹೆಡ್ಡಿನೊಳಗಿನ ಮೆಟ್ಟಿಲಿನ ಮೇಲೆ ನೇರವಾಗಿ ಕೂರುತ್ತದೆ. ಕಾವೇರಿದಾಗ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಆ ಮೆಟ್ಟಿಲು ಸವೆದರೆ ಉರಿದ ಅನಿಲ ಅಲ್ಲಿಂದ ನುಸುಳತೊಡಗುತ್ತದೆ. ಪುಣೆಯಿಂದ ಬೆಳಗಾವಿಗೆ ಹೊರಟರೆ ಖಂಬಾಟ್ಕಿ ಘಾಟಿನ ಏರಿನಲ್ಲಿ ನನ್ನ ಕಾರು ‘ಚಫ್ ಚಫ್’ ಎನ್ನುತ್ತಿದ್ದುದು ಇದರಿಂದಲೇ. ಎಂಜಿನ್ ಇಳಿಸಿದಾಗ ಮೂರನೆಯ ಸಿಲಿಂಡರಿನ ಕುತ್ತಿಗೆಯಲ್ಲಿ ಮಸಿಯ ಗೆರೆ ಇತ್ತು. ಹಳೆಯ ಮಾದರಿಯ ಫ್ಯಾನ್ ಕವಚದಲ್ಲಿ ಆಯಿಲ್ ಕೂಲರ್ ಈ ಸಿಲಿಂಡರಿನ ಗಾಳಿಗೆ ಅಡ್ಡವಾಗಿ ನಿಂತಿರುತ್ತದೆ. ಹಾಗಾಗಿ ಬಿಸಿಯ ಪೆಟ್ಟು ಇದಕ್ಕೇ ಹೆಚ್ಚು.

ಹೆಡ್ಡನ್ನು ಹಿಡಿದಿರುವ ನಟ್ಟುಗಳನ್ನು ಇನ್ನಷ್ಟು ಬಿಗಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ದಯವಿಟ್ಟು ಬೇಡ. 8 ಮಿ.ಮೀ. ಸ್ಟಡ್ಡಿಗೆ 25 ನ್ಯೂಟನ್-ಮೀಟರ್, 10 ಮಿ.ಮೀ. ಸ್ಟಡ್ಡಿಗೆ 32, ಅದನ್ನು ಮೀರಿದರೆ ಎಂಜಿನ್ನಿನ ಮೆಗ್ನೀಸಿಯಂ ಕೇಸಿನಲ್ಲಿ ಸ್ಟಡ್ ಕೂರುವ ತಿರುಪಿನ ಗೆರೆಗಳೇ ಕಿತ್ತು ಬರುತ್ತವೆ.

ನಾನು ಮೊದಲು ಹಾಕಿ ನೋಡಿದ್ದು ತಾಮ್ರದ ಉಂಗುರ. ಪುಣೆಯ ನಾನಾ ಪೇಠ್ ಬಡಾವಣೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿ ಅಳತೆಗೆ ಹೊಂದುವುದನ್ನು ತಂದು, ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದುಮಾಡಿ ಕೂರಿಸಿದೆ. ಸದ್ದು ನಿಂತಿತು, ಗಾಡಿ ಹಗುರವಾಗಿ ಓಡಿತು. ಆದರೆ ಬಿಸಿಗೆ ತಾಮ್ರ ಒತ್ತಿಕೊಳ್ಳುತ್ತಾ ಹೋಯಿತು, ನಟ್ಟುಗಳ ಬಿಗಿ ಇಳಿಯಿತು, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹಳೆಯ ಸದ್ದು ಮರಳಿತು. ಉಂಗುರದ ದಪ್ಪದಷ್ಟು ಹೆಡ್ ಪಿಸ್ಟನ್ನಿನಿಂದ ದೂರ ಸರಿಯುವುದರಿಂದ ಕಂಪ್ರೆಷನ್ನೂ (ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ತಗ್ಗುತ್ತದೆ. ಕಂಪ್ರೆಷನ್ ಅನುಪಾತ ಮೊದಲೇ 7.5ರ ಆಸುಪಾಸಿನಲ್ಲಿರುವ ಎಂಜಿನ್ನಿಗೆ ಅದು ನಷ್ಟವೇ.

ಪೇಸ್ಟ್ ಹಚ್ಚಿ ಕೈಯಿಂದ ಉಜ್ಜುವ ದಾರಿ ನನಗೆ ತುಂಬ ಇಷ್ಟವಾಯಿತು. ಹೆಡ್ಡನ್ನು ಬೆಂಚಿನ ಮೇಲೆ ಮಲಗಿಸಿ, ಸಿಲಿಂಡರಿನ ಅಂಚಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ, ಅದರ ಜಾಗದಲ್ಲೇ ಇಟ್ಟು ಅತ್ತಿತ್ತ ತಿರುಗಿಸಬೇಕು. ಆಗಾಗ ಎತ್ತಿ ಕಾಲು ಸುತ್ತು ಸರಿಸಿ ಮತ್ತೆ ಉಜ್ಜಬೇಕು. ಮೊದಲು ಕರಕರ ಎನ್ನುತ್ತದೆ, ಆಮೇಲೆ ಸದ್ದು ನುಣುಪಾಗುತ್ತದೆ. ಒರೆಸಿ ನೋಡಿದರೆ ಮೆಟ್ಟಿಲಿನ ಸುತ್ತ ಮಂಕು ಬೂದಿ ಬಣ್ಣದ ಪಟ್ಟಿ ಕಾಣುತ್ತದೆ. ಅದು ಎಲ್ಲೂ ಕಡಿಯದೆ ಪೂರ್ತಿ ಸುತ್ತು ಬಂದಿರಬೇಕು. ಕೊನೆಗೆ ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಬೇಕು, ಉಳಿದ ಒಂದು ಕಣವೂ ಪಿಸ್ಟನ್ ರಿಂಗುಗಳನ್ನು ತಿನ್ನುತ್ತದೆ. ಖರ್ಚು ಇಲ್ಲವೆಂದೇ ಹೇಳಬಹುದು. ಒಂದು ಬದಿಯ ಹೆಡ್ ಇಷ್ಟಕ್ಕೇ ಸರಿಹೋಯಿತು. ಆದರೆ ಮೂರನೆಯ ಸಿಲಿಂಡರಿನ ಜಾಗದಲ್ಲಿ ಅನಿಲ ಕೊರೆದ ಗೀರು ಉಗುರಿಗೆ ತಗಲುವಷ್ಟು ಆಳವಾಗಿತ್ತು, ಎಷ್ಟು ಉಜ್ಜಿದರೂ ಬೂದಿ ಪಟ್ಟಿ ಅಲ್ಲಿ ತುಂಡಾಗಿಯೇ ಉಳಿಯಿತು.

ಹಾಗಾಗಿ ಆ ಹೆಡ್ ಪುಣೆ ಬಳಿಯ ಭೋಸರಿಯಲ್ಲಿ, ಲೋಹ ಕೊರೆದು ಸಮಮಾಡುವ ಮಿಲ್ಲಿಂಗ್ ಯಂತ್ರಕ್ಕೆ ಹೋಯಿತು. ಅಲ್ಲಿನ ಕಾರ್ಮಿಕರು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಡೆಯವರು, ಮಾತು ಕನ್ನಡದಲ್ಲೇ ನಡೆಯಿತು. ಒಂದು ಹೆಡ್ಡಿನಲ್ಲಿ ಎರಡು ಸಿಲಿಂಡರುಗಳು ಕೂರುತ್ತವೆ. ಕೆಟ್ಟ ಒಂದರ ಜಾಗವನ್ನು ಮಾತ್ರ ಕೊರೆದರೆ ಹೆಡ್ ಇನ್ನೊಂದರ ಮೇಲೇ ಕೂರುತ್ತದೆ, ಕೊರೆದ ಕಡೆ ಬಿಗಿ ಸಿಗದೆ ಮತ್ತೆ ಸೋರುತ್ತದೆ. ಅವರು ಆಳ ಅಳೆಯುವ ಡಯಲ್ ಗೇಜನ್ನು ನನ್ನತ್ತ ತಿರುಗಿಸಿ, “ಎರಡೂ ಒಂದೇ ಆಳಕ್ಕೆ ಬಂದಿವೆ ಸರ್, ನೀವೇ ನೋಡಿರಿ” ಎಂದರು. ಮುಳ್ಳು ಎರಡೂ ಕಡೆ ಒಂದೇ ಗೆರೆಯ ಮೇಲೆ ನಿಂತಿತ್ತು. ಲೋಹ ಕೊರೆದಷ್ಟು ಕಂಪ್ರೆಷನ್ ಏರುವುದರಿಂದ, ಅಳೆದು ನೋಡಿ ಸಿಲಿಂಡರಿನ ಬುಡಕ್ಕೆ ತೆಳು ಶಿಮ್ (ಅಂತರ ತುಂಬುವ ಲೋಹದ ಉಂಗುರ) ಕೊಟ್ಟೆ. ಕೊರೆದ ಮೆಟ್ಟಿಲಿನ ಮೇಲೆ ತುಸು ಪೇಸ್ಟ್ ಹಚ್ಚಿ ಉಜ್ಜಿದಾಗ ಪಟ್ಟಿ ಪೂರ್ತಿ ಬಂತು. ಮೂರರಲ್ಲಿ ಹೆಚ್ಚು ಹಣ ಹೋಗಿದ್ದು ಇದಕ್ಕೇ. ಬಾಳಿಕೆ ಬಂದಿದ್ದೂ ಇದೇ.

ಜೋಡಿಸುವಾಗ ಪುಶ್‌ರಾಡ್ (ವಾಲ್ವುಗಳನ್ನು ತೆರೆಸುವ ಸರಳು) ಕೊಳವೆಗಳನ್ನು 190ರಿಂದ 191 ಮಿ.ಮೀ.ಗೆ ಎಳೆದು ಹಾಕಿ, ಇಲ್ಲವಾದರೆ ಅಲ್ಲಿಂದ ಎಣ್ಣೆ ಜಿನುಗುತ್ತದೆ. ನಟ್ಟುಗಳನ್ನು ಮೊದಲು 10 ನ್ಯೂಟನ್-ಮೀಟರಿಗೆ ಒಂದು ಸುತ್ತು, ಆಮೇಲೆ ಪೂರ್ತಿ ಬಿಗಿಗೆ ಇನ್ನೊಂದು ಸುತ್ತು, ಎಂಜಿನ್ ತಣ್ಣಗಿರುವಾಗ.

ಉಗುರಿಗೆ ಗೀರು ತಗಲದಿದ್ದರೆ ಪೇಸ್ಟ್ ಸಾಕು, ತಗಲಿದರೆ ಮಿಲ್ಲಿಂಗ್. ಹಿಂದೆ ಯಾರೋ ಅತಿಯಾಗಿ ಕೊರೆಸಿಟ್ಟ ಹೆಡ್ ಕೈಗೆ ಬಂದರೂ ನಾನು ಬುಡಕ್ಕೆ ಶಿಮ್ ಕೊಡುತ್ತೇನೆಯೇ ಹೊರತು ತಾಮ್ರದ ಉಂಗುರ ಹಾಕುವುದಿಲ್ಲ. ವಾಲ್ವ್ ಸೀಟಿನಿಂದ ಪ್ಲಗ್ ತೂತಿನವರೆಗೆ ಬಿರುಕು ಓಡಿದ್ದರೆ ಈ ಮೂರರಿಂದಲೂ ಪ್ರಯೋಜನವಿಲ್ಲ, ಬೇರೆ ಹೆಡ್ ಹುಡುಕಬೇಕು.