ಪ್ಯಾನೆಲ್‌ಗೆ ಬೈಯುವ ಮೊದಲು ಸೆಟ್‌ಟಾಪ್ ಬಾಕ್ಸ್ ನೋಡಿ: ದೊಡ್ಡ ಟಿವಿ ತರುವವರಿಗೆ ಎಚ್ಚರಿಕೆ

ಉಡುಪಿ ಕುಂಜಿಬೆಟ್ಟು ಕಡೆಯ ಒಂದು ಮನೆಗೆ 65 ಇಂಚಿನ 4ಕೆ ಟಿವಿ ಬಂತು. ಅಂಗಡಿಯಲ್ಲಿ ಫಳಫಳ ಅನ್ನುತ್ತಿದ್ದ ಚಿತ್ರ ಮನೆಯಲ್ಲಿ ಮಬ್ಬು. ಮುಖಗಳಿಗೆ ಮೇಣ ಮೆತ್ತಿದ ಹಾಗೆ, ಅಕ್ಷರಗಳ ಸುತ್ತ ಬಿಳಿ ಅಂಚು. ದೂರು ಕೊಟ್ಟಾಗ ಅಂಗಡಿಯವರು ಮೊದಲು ನಾಲ್ಕು ಸಾವಿರದ ಎಚ್‌ಡಿಎಂಐ ಕೇಬಲ್ ಮಾರಿದರು. ಆಮೇಲೆ ‘ಕ್ಯಾಲಿಬ್ರೇಶನ್’ (ಬಣ್ಣ ಹೊಂದಿಸುವುದು) ಹೆಸರಲ್ಲಿ ಮತ್ತೆ ದುಡ್ಡು ತಗೊಂಡು ಬಣ್ಣವನ್ನು ಇನ್ನಷ್ಟು ಏರಿಸಿಟ್ಟು ಹೋದರು. ಕೊನೆಗೆ, ಪ್ಯಾನೆಲ್ಲೇ ಅಂದರೆ ಪರದೆಯೇ ಹಾಗೆ, ಮೇಲಿನ ಮಾಡೆಲ್ ತಗೊಳ್ಳಿ ಅಂತ ಉಪದೇಶ.

ಟಿವಿಯಲ್ಲಿ ದೋಷವೇ ಇರಲಿಲ್ಲ. ಎಚ್‌ಡಿ ಬಾಕ್ಸಿನ ಔಟ್‌ಪುಟ್ 576ಐ ಅನ್ನುವ ಹಳೆಯ, ಕಡಿಮೆ ಸ್ಪಷ್ಟತೆಯ ಮಟ್ಟದಲ್ಲೇ ಕೂತಿತ್ತು, ನೋಡುತ್ತಿದ್ದದ್ದೂ ಅದೇ ಮಟ್ಟದ ಎಸ್‌ಡಿ ಚಾನೆಲ್.

ಲೆಕ್ಕ ಸರಳ. ಎಸ್‌ಡಿ ಚಿತ್ರದಲ್ಲಿ 720×576, ಅಂದರೆ ಸುಮಾರು 4 ಲಕ್ಷ ಚುಕ್ಕೆ. 4ಕೆ ಪರದೆಯಲ್ಲಿ 3840×2160, ಸುಮಾರು 83 ಲಕ್ಷ. ಒಂದು ಚುಕ್ಕೆಯನ್ನು ಇಪ್ಪತ್ತು ಚುಕ್ಕೆಗೆ ಎಳೆಯಬೇಕು. ಹಳೆಯ 32 ಇಂಚಿನಲ್ಲಿ ಮುಚ್ಚಿಹೋಗುತ್ತಿದ್ದ ಕೊಳೆಯೆಲ್ಲ 65ರಲ್ಲಿ ಎದ್ದು ಕಾಣುತ್ತದೆ. ಟಿವಿ ರಿಮೋಟಿನ ಇನ್ಫೋ ಬಟನ್ ಒತ್ತಿದರೆ ಹೆಚ್ಚಿನ ಟಿವಿಗಳಲ್ಲಿ ಬರುತ್ತಿರುವ ಸಿಗ್ನಲ್ ಎಷ್ಟು ಅಂತ ಗೊತ್ತಾಗುತ್ತದೆ. 576 ಕಂಡರೆ ಬಾಕ್ಸಿನ ಸೆಟ್ಟಿಂಗ್ಸಿಗೆ ಹೋಗಿ 1080ಐ (ಎಚ್‌ಡಿ ಮಟ್ಟ) ಮಾಡಿ, ಚಾನೆಲ್ಲಿನ ಎಚ್‌ಡಿ ನಂಬರ್ ಹಾಕಿ. ಪ್ಯಾಕಿನಲ್ಲಿ ಎಚ್‌ಡಿ ಇಲ್ಲದಿದ್ದರೆ ಕೇಬಲಿಗೆ ಕೊಡುವ ದುಡ್ಡನ್ನು ಅದಕ್ಕೆ ಕೊಡಿ.

ಕೇಬಲ್ ವಿಷಯದಲ್ಲಿ ಮೋಸ ಹೋಗಬೇಡಿ ಮಾರಾಯ್ರೆ. ಎಚ್‌ಡಿಎಂಐ ಡಿಜಿಟಲ್, ಕೇಬಲ್ ಕೆಟ್ಟಿದ್ದರೆ ಚಿತ್ರ ಮಿಣುಕುತ್ತದೆ, ಚುಕ್ಕೆ ಉದುರುತ್ತದೆ, ಇಲ್ಲ ಪರದೆ ಕಪ್ಪಾಗುತ್ತದೆ. ಮಬ್ಬಾಗುವುದಿಲ್ಲ. ಡಿಟಿಎಚ್ ಬಾಕ್ಸಿಗೆ ಅದರ ಜೊತೆ ಬಂದ ಕೇಬಲ್ಲೇ ಧಾರಾಳ. ಸೆಕೆಂಡಿಗೆ 60 ಚಿತ್ರದ 4ಕೆ ಎಚ್‌ಡಿಆರ್‌ಗೆ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ವಿಡಿಯೊ) 18 ಜಿಬಿಪಿಎಸ್ ವೇಗದ ‘ಪ್ರೀಮಿಯಂ ಹೈ ಸ್ಪೀಡ್’ ಸಾಕು. ಆದರೆ ಟಿವಿಯಲ್ಲೂ ಆ ಪೋರ್ಟಿಗೆ ಈ ಸೆಟ್ಟಿಂಗ್ ಹಾಕಿರಬೇಕು: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’.

ಇನ್ನು ಪಿಕ್ಚರ್ ಮೋಡ್. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿಗಾಗಿ ಮಾಡಿದ ವಿವಿಡ್ ಮೋಡನ್ನು ಮನೆಯಲ್ಲೂ ಇಟ್ಟುಕೊಂಡವರೇ ಹೆಚ್ಚು. ಅದರಲ್ಲಿ ಒಂದು ಯಕ್ಷಗಾನ ಆಟದ ವಿಡಿಯೊ ಹಾಕಿ ನೋಡಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಒಂದೇ ಮುದ್ದೆ, ಬಟ್ಟೆಯ ನೆರಿಗೆ ಮಾಯ, ಕಿರೀಟದ ಬೇಗಡೆಯ ಕುಸುರಿ ಬರೀ ಹಳದಿ ಹೊಳಪು. ಮೂವಿ, ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ, ಕಲರ್ ಟೆಂಪರೇಚರ್ ವಾರ್ಮ್ ಮಾಡಿ. ಮೊದಲು ಹಳದಿ ಅನಿಸುತ್ತದೆ, ಕಣ್ಣು ಒಗ್ಗಿದ ಮೇಲೆ ಹಳೆಯದೇ ನೀಲಿಯಾಗಿ ಕಾಣುತ್ತದೆ. ಶಾರ್ಪ್‌ನೆಸ್ ತೀರಾ ಇಳಿಸಿ, ಅಕ್ಷರಗಳ ಬಿಳಿ ಅಂಚು ಹೆಚ್ಚಾಗಿ ಅದರದ್ದೇ ಕೆಲಸ. ಸೋನಿಯಲ್ಲಿ ಮಾತ್ರ 50 ಅಂದರೇ ತಟಸ್ಥ, ಸೊನ್ನೆ ಮಾಡಿದರೆ ನಿಜಕ್ಕೂ ಮಬ್ಬಾಗುತ್ತದೆ. ಚಲನೆ ನಯವಾಗಲಿ ಅಂತ ಟಿವಿ ತಾನೇ ನಡುವೆ ಚಿತ್ರ ಸೇರಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಪುಂಡುವೇಷ (ತರುಣ ವೀರನ ಪಾತ್ರ) ಧೀಂಗಿಣ ಹಾಕಿ ಗಿರಗಿರ ಸುತ್ತುವಾಗ ಕೈಕಾಲಿನ ಸುತ್ತ ಗಾಳಿ ಕಲಕಿದ ಹಾಗೆ ಚಿತ್ರ ಒಡೆಯುವುದು ಅದರಿಂದಲೇ. ಹಗಲಲ್ಲಿ ಚಿತ್ರ ಮಂಕಾದರೆ ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಏರಿಸಿ. ಹಲವು ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಅನ್ನುವುದು ಕಪ್ಪಿನ ಮಟ್ಟ. ಅದನ್ನು ಏರಿಸಿದರೆ ಕಪ್ಪು ಬೂದುಬಣ್ಣವಾಗುತ್ತದೆ.

ಸೆಟ್ಟಿಂಗ್‌ನಿಂದ ಸರಿಯಾಗದ್ದೂ ಒಂದಿದೆ. ಎಲ್‌ಸಿಡಿ ಪ್ಯಾನೆಲ್ಲಿನಲ್ಲಿ ಐಪಿಎಸ್, ವಿಎ ಅಂತ ಎರಡು ಬಗೆ. ಐಪಿಎಸ್‌ನಲ್ಲಿ ರಾತ್ರಿಯ ದೃಶ್ಯ ಬೂದುಬೂದು. ವಿಎಯಲ್ಲಿ ಕಪ್ಪು ಚೆನ್ನ, ಆದರೆ ಚಾವಡಿಯಲ್ಲಿ ಬದಿಗೆ ಕೂತವರಿಗೆ ಬಣ್ಣ ಮಾಸುತ್ತದೆ. ಇದನ್ನು ಕೊಳ್ಳುವ ಮುಂಚೆಯೇ ನೋಡಬೇಕು. ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕತ್ತಲೆ ದೃಶ್ಯ ಒಯ್ಯಿರಿ, ಶಾಪ್ ಮೋಡ್ ತೆಗೆಸಿ ಹೋಮ್ ಮೋಡ್ ಹಾಕಿಸಿ, ಬದಿಗೆ ನಿಂತು ನೋಡಿ. ಒಪ್ಪದ ಅಂಗಡಿಯಿಂದ ಇಳಿದು ಬನ್ನಿ.

ಒಂದೆರಡು ವರ್ಷ ಕಳೆದು ಪರದೆಯಲ್ಲಿ ದುಂಡಗಿನ ಬಿಳಿ ಕಲೆಗಳು ಕಂಡರೆ, ಪ್ಯಾನೆಲ್ ಹೋಯ್ತು ಅನ್ನುವವರನ್ನು ನಂಬಬೇಡಿ. ಹೆಚ್ಚಾಗಿ ಹಿಂದಿನ ಎಲ್‌ಇಡಿ ಮೇಲಿನ ಪುಟ್ಟ ಲೆನ್ಸ್‌ಗಳ ಅಂಟು ಬಿಸಿಗೆ ಬಿಟ್ಟಿರುತ್ತದೆ. ಲೆನ್ಸ್ ಅಂಟಿಸಿದರೆ, ಇಲ್ಲ ಎಲ್‌ಇಡಿ ಪಟ್ಟಿ ಬದಲಿಸಿದರೆ ಮುಗಿಯಿತು. ಪ್ಯಾನೆಲ್ಲಿನ ಬೆಲೆಗೆ ಹೋಲಿಸಿದರೆ ಅಲ್ಪ. ಬ್ಯಾಕ್‌ಲೈಟನ್ನು ಸದಾ 100ರಲ್ಲಿ ಇಟ್ಟ ಟಿವಿಗೆ ಇದು ಬೇಗ ಬರುತ್ತದೆ.

ಸಿಡಿಲು ಶುರುವಾಗುವ ಮೊದಲೇ ಪ್ಲಗ್ ತೆಗೆಯಿರಿ, ಆದರೆ ಅಷ್ಟೇ ಸಾಲದು. ಮಾಡಿನ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿಡಿ. ಇಲ್ಲದಿದ್ದರೆ ಸಿಡಿಲು ಆ ದಾರಿಯಲ್ಲೇ ಒಳಬಂದು ಬಾಕ್ಸಿನ ಜೊತೆ ಟಿವಿಯ ಎಚ್‌ಡಿಎಂಐ ಪೋರ್ಟನ್ನೂ ಸುಡಬಹುದು.