ರೋಸ್ಕಿಲ್ಡೆ ಕೆಥೆಡ್ರಲ್: ಎಲ್ಲ ಕ್ರಿಸ್ಟಿಯಾನ್‌ಗಳೂ ಒಂದೇ ಅಲ್ಲ

ಡೆನ್ಮಾರ್ಕ್ ರಾಜರ ಪಟ್ಟಿ ಓದಿದಾಗಲೆಲ್ಲ ನನಗೆ ತಲೆ ಕೆಡುತ್ತಿತ್ತು. 1513ರಿಂದ 1972ರವರೆಗೆ ಬರೀ ಎರಡೇ ಹೆಸರು. ಒಬ್ಬ ಕ್ರಿಸ್ಟಿಯಾನ್ ಆದ ಮೇಲೆ ಒಬ್ಬ ಫ್ರೆಡರಿಕ್, ಆಮೇಲೆ ಮತ್ತೆ ಕ್ರಿಸ್ಟಿಯಾನ್. ಯಾರು ಏನು ಮಾಡಿದರು ಅಂತ ನೆನಪೇ ನಿಲ್ಲುತ್ತಿರಲಿಲ್ಲ. ಆ ರಾಜರ ಸಮಾಧಿಗಳಿರುವ ರೋಸ್ಕಿಲ್ಡೆಯ ಈ ಇಟ್ಟಿಗೆ ಚರ್ಚಿನಲ್ಲಿ ಮೂರು ಗಂಟೆ ಕಳೆದ ಮೇಲೆ ಒಬ್ಬೊಬ್ಬರ ಮುಖವೂ ಬೇರೆಯಾಗಿ ಕಾಣತೊಡಗಿತು.

ಕೋಪನ್‌ಹೇಗನ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಪ್ರಾರ್ಥನೆ, ಮದುವೆ ಇದ್ದಾಗ ಪ್ರವಾಸಿಗರನ್ನು ಬಿಡುವುದಿಲ್ಲ. ಸಮಯ ಮೊದಲೇ ನೋಡಿಕೊಂಡು ಹೋಗಿ.

ಒಳಗೆ ಹೋದವರು ಮೊದಲು ಮುಖ್ಯ ಪೀಠದ ಹಿಂದಕ್ಕೆ ನಡೆಯಿರಿ. ಅಲ್ಲಿ ಒಂದನೇ ಮಾರ್ಗರೇಟ್ ಮಲಗಿದ್ದಾಳೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಆಳಿದ ಹೆಣ್ಣು, 1412ರಲ್ಲಿ ತೀರಿಕೊಂಡವಳು. ಒಬ್ಬನೇ ಮಗ ಓಲುಫ್ ಅವಳಿಗಿಂತ ಮೊದಲೇ ಸತ್ತಿದ್ದ. ಆ ಬಿಳಿ ಕಲ್ಲಿನ ಮುಖದ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಒಂದನೇ ಕ್ರಿಸ್ಟಿಯಾನನ ಚಾಪೆಲ್‌ನಲ್ಲಿ, ಅಂದರೆ ಚರ್ಚಿಗೆ ಸೇರಿದ ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ, ಒಂದು ಕಂಬವಿದೆ. ಬಂದ ರಾಜರ ಎತ್ತರವನ್ನು ಅದರ ಮೇಲೆ ಗುರುತು ಮಾಡಿದ್ದಾರೆ. ರಷ್ಯಾದ ಪೀಟರ್ ಇದ್ದಾನೆ, ಸಯಾಮ್‌ನ (ಈಗಿನ ಥಾಯ್ಲೆಂಡ್) ಚುಲಾಲಾಂಗ್‌ಕಾರ್ನ್ ಇದ್ದಾನೆ. ಎಲ್ಲರಿಗಿಂತ ಮೇಲೆ ಒಂದನೇ ಕ್ರಿಸ್ಟಿಯಾನ್, 219.5 ಸೆಂಟಿಮೀಟರ್! ಮೂಳೆ ನೋಡಿದವರು ಅವನ ಎತ್ತರ ಸುಮಾರು 188 ಅಂದರು. ನನ್ನ ಹತ್ತು ವರ್ಷದ ಮಗ ಕತ್ತೆತ್ತಿ ನೋಡಿ, "ಅಮ್ಮಾ, ರಾಜರೂ ಸುಳ್ಳು ಹೇಳ್ತಾರಾ?" ಅಂದ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಕಂಬ ತಪ್ಪಿಸಬೇಡಿ.

ನನಗೆ ಜಾಸ್ತಿ ಹಿಡಿಸಿದ್ದು ನಾಲ್ಕನೇ ಕ್ರಿಸ್ಟಿಯಾನನ ಚಾಪೆಲ್. 1588ರಿಂದ 1648ರವರೆಗೆ ರಾಜ, ಅಂದರೆ ಹತ್ತಿರ ಹತ್ತಿರ ಅರವತ್ತು ವರ್ಷ. ಗೋಡೆಯ ದೊಡ್ಡ ಚಿತ್ರ 1644ರ ಕಡಲ ಯುದ್ಧದ್ದು. ಕಣ್ಣಿಗೆ ಏಟು ಬಿದ್ದಿದೆ, ರಕ್ತ ಸುರಿಯುತ್ತಿದೆ, ಆದರೂ ಮುದುಕ ಹಡಗಿನ ಮೇಲೆ ಎದ್ದು ನಿಂತಿದ್ದಾನೆ. ಆಗ ಅವನಿಗೆ 67 ವರ್ಷ. ಒಂದು ಕಣ್ಣು ಹೋಯಿತು, ಯುದ್ಧ ಬಿಡಲಿಲ್ಲ. ಪಕ್ಕದಲ್ಲೇ ಅವನ ಶವಪೆಟ್ಟಿಗೆ. ಚಿತ್ರ ನೋಡಿ ತಿರುಗಿದರೆ ಆ ಮನುಷ್ಯನೇ ಎದುರಿಗೆ ಇದ್ದಾನೆ. ಇಂಥ ಅನುಭವ ಪುಸ್ತಕದಲ್ಲಿ ಸಿಗುವುದಿಲ್ಲ, ಅಲ್ವಾ?

ಐದನೇ ಫ್ರೆಡರಿಕ್‌ನ ಚಾಪೆಲ್ ಪೂರ್ತಿ ಬಿಳಿ. ಚೆನ್ನಾಗಿದೆ, ಆದರೆ ಸ್ವಲ್ಪ ತಣ್ಣಗಿದೆ ಅನ್ನಿಸಿತು.

ಒಂಬತ್ತನೇ ಕ್ರಿಸ್ಟಿಯಾನನನ್ನು ಯುರೋಪಿನ ಮಾವ ಅನ್ನುತ್ತಿದ್ದರು. ಒಬ್ಬ ಮಗಳು ಇಂಗ್ಲೆಂಡಿಗೆ, ಇನ್ನೊಬ್ಬಳು ರಷ್ಯಾಕ್ಕೆ ಸೊಸೆಯಾಗಿ ಹೋದರು. ರಷ್ಯಾಕ್ಕೆ ಹೋದ ಡಾಗ್ಮಾರ್ ಕ್ರಾಂತಿಯ ನಂತರ ತವರಿಗೆ ಬಂದು 1928ರಲ್ಲಿ ತೀರಿಕೊಂಡಳು. 2006ರವರೆಗೆ ಇದೇ ಚರ್ಚಿನಲ್ಲಿದ್ದಳು. ಆಮೇಲೆ ಗಂಡನ ಪಕ್ಕಕ್ಕೆ, ಸೇಂಟ್ ಪೀಟರ್ಸ್‌ಬರ್ಗ್‌ಗೆ ಒಯ್ದರು. ಇದನ್ನು ತಿಳಿದಾಗ ನನ್ನ ಗಂಟಲು ಕಟ್ಟಿತು.

ಗಂಟೆ ಹೊಡೆಯುವ ಹೊತ್ತಿಗೆ ಹಳೆಯ ಗಡಿಯಾರದ ಕೆಳಗೆ ನಿಂತಿರಿ. ಅದರಲ್ಲಿ ಡ್ರ್ಯಾಗನ್ ಕೊಲ್ಲುವ ಸಂತ, ಸೇಂಟ್ ಜಾರ್ಜ್‌ನ ಬೊಂಬೆ ಇದೆ; ಅವನ ಕುದುರೆ ಅಲ್ಲಾಡುತ್ತದೆ, ಡ್ರ್ಯಾಗನ್ ಕಿರುಚುತ್ತದೆ. ನನ್ನ ಮಗ ಎರಡು ಸಲ ಕಾದು ನೋಡಿದ.

ಹೊರಗೆ ಬಂದ ತಕ್ಷಣ ರೈಲಿಗೆ ಓಡಬೇಡಿ. ಒಂಬತ್ತನೇ ಫ್ರೆಡರಿಕ್ ಒಳಗಿಲ್ಲ. ನೌಕಾಪಡೆಯಲ್ಲಿ ಬೆಳೆದವನು, 1972ರಲ್ಲಿ ತೀರಿಕೊಂಡ. ಅವನ ಸಮಾಧಿ ಚರ್ಚಿನ ಹೊರಗೆ, ಬರೀ ಆಕಾಶದ ಕೆಳಗಿದೆ. ರಾಣಿ ಇಂಗ್ರಿಡ್ ಕೂಡ ಅಲ್ಲೇ. ನಾವು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಗಾಳಿ ಬೀಸುತ್ತಿತ್ತು.